ಮುಚ್ಚೋಣ ಅಂದವರು

ನಿನ್ನೆ ಮುದ್ದೇಬಿಹಾಳದಲ್ಲಿ ಲಿಂಬೆ ಚೀಲ ಇಳಿಸುವಾಗ ಅಂಗಡಿಯ ಹಿಂಬಾಗಿಲ ಹತ್ತಿರ ಒಂದು ಹಳೆಯ ಕಟ್ಟಿಗೆ ಪೆಟ್ಟಿಗೆ ಬಿದ್ದಿತ್ತು. ಬಾಟಲಿ ನಿಲ್ಲಿಸಲು ಒಳಗೆ ಖಾನೆಗಳಿದ್ದ, ಮೊದಲೆಲ್ಲ ಸೋಡಾ ತುಂಬಿ ಊರೂರಿಗೆ ಕಳಿಸುತ್ತಿದ್ದರಲ್ಲ, ಅಂಥ ಪೆಟ್ಟಿಗೆ. ಅಂಗಡಿಯವರು ನೆಲ ತೊಳೆದ ನೀರು ಅದರ ಮೇಲೆ ಹರಿದು ಹೋಗಿತ್ತು. ಒದ್ದೆ ಕಟ್ಟಿಗೆ, ತುಕ್ಕು ಹಿಡಿದ ಮೊಳೆ, ಎಂದೋ ಚೆಲ್ಲಿ ಅಲ್ಲಿಯೇ ಇಂಗಿದ ಸಕ್ಕರೆ ಪಾಕ... ಮೂರೂ ಕಲೆತ ಆ ವಾಸನೆ ಮೂಗಿಗೆ ಬಂದದ್ದೇ ತಡ, ಹಿಡಿದ ಚೀಲ ಅಲ್ಲಿಯೇ ಬಿಟ್ಟು ನಿಂತುಬಿಟ್ಟೆ. ಸಿಂದಗಿಯ ಸೋಡಾ ಕಾರ್ಖಾನೆಯೊಳಗೆ ಕಾಲಿಟ್ಟ ಹಾಗಾಯಿತು. ಯಂತ್ರ ತಿರುಗುವ ಸದ್ದು, ಗ್ಯಾಸು ಬಿಟ್ಟಾಗಿನ ಸುಯ್ಯನೆಯ ಶಬ್ದ, ಅದರ ನಡುವೆ "ಬಾರವಾ, ನೆಲಾ ಹಸಿ ಐತಿ, ನೋಡ್ಕೊಂಡ ಬಾ" ಅನ್ನುವ ಅವರ ದನಿ.

ಅವರನ್ನು ನಾವು ಚಾಚಾ ಅನ್ನುತ್ತಿದ್ದೆವು. ಮೊದಲ ಕೆಲವು ವಾರ ಸರ್ ಅಂದಿದ್ದೆವು, ಏಕೆಂದರೆ ಅವರು ನಮಗೆ ಪರಿಚಯವಾದದ್ದು ವಿಶ್ವವಿದ್ಯಾಲಯದ ಸಭಾಂಗಣದಲ್ಲಿ, ಕೊರಳಿಗೆ ಹೂವಿನ ಹಾರ ಹಾಕಿಸಿಕೊಂಡು ಕುಳಿತಿದ್ದ ಮಾರ್ಗದರ್ಶಕರ ಸಾಲಿನಲ್ಲಿ.

ನಾನಾಗ ವಿಜಯಪುರದಲ್ಲಿ ಆಹಾರ ವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೆ. ಊರು ಇಂಡಿ ತಾಲ್ಲೂಕಿನ ಅಗರಖೇಡ. ಅಪ್ಪನದು ಲಿಂಬೆ ತೋಟ. ನಮ್ಮ ಕಡೆ ಲಿಂಬೆ ಬಂದರೆ ಎಲ್ಲರ ತೋಟಕ್ಕೂ ಒಮ್ಮೆಲೇ ಬರುತ್ತದೆ. ಆಗ ಅದನ್ನು ಕೇಳುವವರೇ ಇರುವುದಿಲ್ಲ. ಗಿಡದ ಬುಡದಲ್ಲಿ ಹಳದಿ ಹಾಸಿ ಬಿದ್ದ ಹಣ್ಣನ್ನು ನೋಡುತ್ತ ಬೆಳೆದವಳು ನಾನು. ಹಾಗಾಗಿ ಓದುವಾಗಲೇ ನನಗೊಂದು ಹಂಬಲ ಹತ್ತಿತು. ಇಂಡಿಯ ಲಿಂಬೆ ರಸವನ್ನು ಏನೂ ಬೆರೆಸದೆ ಬಾಟಲಿಯಲ್ಲಿ ತುಂಬಿ ಮಾರಬೇಕು. ನನ್ನ ಜೊತೆಗೆ ನಿಂತವಳು ಹಾಸ್ಟೆಲಿನ ಕೋಣೆಯ ಗೆಳತಿ ಭಾಗ್ಯಾ, ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯವಳು. ನಾನು ರಸದ ಕೆಲಸ ನೋಡಿದರೆ ಅವಳು ಮಾತಿನ ಕೆಲಸ ನೋಡುತ್ತಿದ್ದಳು.

ಆ ವರ್ಷ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ಉದ್ಯಮ ಕಲಿಸಲು ಒಂದು ಕೇಂದ್ರ ತೆರೆದರು. ಯಾರ ಯೋಜನೆ ಆಯ್ಕೆಯಾಗುತ್ತದೋ ಅವರಿಗೆ ಒಬ್ಬ ಮಾರ್ಗದರ್ಶಕರು. ಒಂದು ತಂಡಕ್ಕೆ ಬ್ಯಾಂಕಿನ ದೊಡ್ಡ ಅಧಿಕಾರಿ ಸಿಕ್ಕರು. ಇನ್ನೊಂದು ತಂಡಕ್ಕೆ ಪುಣೆಯಿಂದ ಪರದೆಯ ಮೇಲೆ ಮಾತಾಡುವ ಸಲಹೆಗಾರರು ಸಿಕ್ಕರು. ನಮ್ಮ ಹೆಸರಿನ ಮುಂದೆ, ಸಿಂದಗಿಯ ಸೋಡಾ ಕಾರ್ಖಾನೆಯ ಮಾಲಕರು ಅಂತ ಓದಿದಾಗ ಭಾಗ್ಯಾ ನನ್ನ ತೊಡೆ ಚಿವುಟಿದಳು. "ನಮಗ ಇವ್ರೇನ?" ಅಂದಳು. ಸಾಲಿನ ಕೊನೆಯ ಕುರ್ಚಿಯಲ್ಲಿ ಬಿಳಿ ಅಂಗಿ, ಬಿಳಿ ಟೊಪ್ಪಿಗೆಯ ಹಿರಿಯರೊಬ್ಬರು ಎದ್ದು ನಿಂತು, ಹಾರ ತೆಗೆದು ಮಡಚಿ ಕೈಯಲ್ಲಿ ಹಿಡಿದುಕೊಂಡು, ನಮ್ಮಿಬ್ಬರನ್ನು ಹುಡುಕುತ್ತಿದ್ದರು. ಆ ಹುಡುಕುವ ಕಣ್ಣು ಈಗಲೂ ಕಾಣುತ್ತದೆ ನನಗೆ.

ಮೊದಲ ದಿನವೇ ರಸ ಕುಡಿಸಿದೆವು. ಅವರು ಕಣ್ಣು ಮುಚ್ಚಿ, ಬಾಯೊಳಗೆ ಹೊರಳಿಸಿ, ನುಂಗಿದರು.

"ಚೊಲೋ ಐತಿ. ಯಾರ ಕುಡಿತಾರ ಇದನ್ನ?"

"ಎಲ್ಲಾರೂ ಕುಡಿತಾರ್ರೀ ಸರ್," ಅಂದಳು ಭಾಗ್ಯಾ.

"ಎಲ್ಲಾರ ಮನಿ ನನಗ ಗೊತ್ತಿಲ್ಲವಾ. ಒಬ್ಬರ ಹೆಸರ ಹೇಳ್ರಿ."

ನಾನು ಯೋಚಿಸಿ ನಮ್ಮವ್ವನ ಹೆಸರು ಹೇಳಿದೆ. "ನಿಮ್ಮವ್ವ ಅಂಗಡಿಗಿ ಹೋಗಿ ಇದನ್ನ ಕೊಂಡ ತರ್ತಾಳೇನು?" ಅಂದರು. ಹಿತ್ತಿಲ ತುಂಬ ಲಿಂಬೆ ಗಿಡವಿದ್ದವಳು ಏಕೆ ಕೊಳ್ಳುತ್ತಾಳೆ? ನನಗೆ ನಗು ಬಂತು. ಅವರೂ ನಕ್ಕರು. ತಮ್ಮ ಪ್ರಶ್ನೆಗೆ ಉತ್ತರ ಅವರು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಅವರು ಹಾಗೆಯೇ ಇದ್ದರು. ಕಾಲೇಜಿನಲ್ಲಿ ವಾಣಿಜ್ಯ ಓದಿದವರು. ಬರ್ಫದ ಕಾರ್ಖಾನೆ ನಡೆಸಿ ಮುಚ್ಚಿದ್ದರು, ಕ್ಯಾಸೆಟ್ಟಿನ ಅಂಗಡಿ ನಡೆಸಿ ಮುಚ್ಚಿದ್ದರು, ಕೊನೆಗೆ ತಂದೆಯ ಕಾಲದ ಸೋಡಾ ಕಾರ್ಖಾನೆಗೇ ಮರಳಿದ್ದರು. ನನ್ನ ರಸಾಯನ ವಿಜ್ಞಾನದಲ್ಲಿ ಅವರು ಬಾಯಿ ಹಾಕುತ್ತಿರಲಿಲ್ಲ. "ಅದು ನಿನ್ನ ಖಾತೆ" ಅನ್ನುತ್ತಿದ್ದರು. ತಮ್ಮ ಖಾತೆ ಯಾವುದು ಅಂತಲೂ ಹೇಳುತ್ತಿರಲಿಲ್ಲ, ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಶನಿವಾರ ತಮ್ಮ ಹಳೆಯ ಓಮ್ನಿಯಲ್ಲಿ ಸೋಡಾ ಹಾಕಿಕೊಂಡು ಹೊರಟರೆ ನಾವೂ ನಮ್ಮ ಬಾಟಲಿಗಳನ್ನು ಇಟ್ಟುಕೊಂಡು ಹಿಂದೆ ಕೂರುತ್ತಿದ್ದೆವು. ಅಂಗಡಿಯವ ಗಿರಾಕಿಯ ಜೊತೆ ಮಾತಾಡುತ್ತಿದ್ದರೆ ಅವರು ಬಾಗಿಲ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಅವನಾಗಿ ಮುಖ ಎತ್ತಿ ನೋಡುವವರೆಗೆ ಸುಮ್ಮನೆ ನಿಂತೇ ಇರುತ್ತಿದ್ದರು. ಮಾಲು ಹೇಗೆ ಹೋಗುತ್ತಿದೆ ಅಂತ ಭಾಗ್ಯಾ ಒಂದು ಅಂಗಡಿಯಲ್ಲಿ ಕೇಳಿದಾಗ, ಹೊರಗೆ ಬಂದ ಮೇಲೆ ಮೆಲ್ಲಗೆ ಅಂದರು: "ಕೇಳಿದ್ರ ಚೊಲೋ ಹೊಂಟೈತಿ ಅಂತಾನ, ಪಾಪ, ಹೆಣ್ಮಕ್ಕಳ ಬಂದಾರ ಅಂತ. ನೀ ಬಾಟಲಿ ಮ್ಯಾಲಿನ ಧೂಳ ನೋಡು."

ಅಂದಿನಿಂದ ನಾವು ಧೂಳು ನೋಡಲು ಕಲಿತೆವು. ಎಷ್ಟೋ ಪಾಠಗಳು ಹಾಗೆಯೇ ಬಂದವು... ಎಲ್ಲಿ, ಯಾವ ಊರಿನಲ್ಲಿ ಅಂತ ಈಗ ನೆನಪಿಲ್ಲ. ಸಿಂದಗಿಯ ಚಹಾದಂಗಡಿಯೊಂದರ ಬೆಂಚಿನ ಮೇಲೆ ಕುಳಿತಿದ್ದಾಗ ಭಾಗ್ಯಾ ಬಾಯಿ ತಪ್ಪಿ "ಚಾಚಾ" ಅಂದಳು. ಅವರು ತಲೆ ಎತ್ತದೆ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತ "ಏನವಾ?" ಅಂದರು. ಅಲ್ಲಿಗೆ ಸರ್ ಮುಗಿಯಿತು.

ಚಳಿಗಾಲದಲ್ಲಿ ಎಲ್ಲ ಸುಸೂತ್ರವಾಗಿ ನಡೆಯಿತು. ವಿಶ್ವವಿದ್ಯಾಲಯದ ಸ್ಪರ್ಧೆಯಲ್ಲಿ ನಮಗೆ ಮೊದಲ ಬಹುಮಾನ ಬಂತು. ಪತ್ರಿಕೆಯಲ್ಲಿ ಫೋಟೊ ಬಂತು. ಬಾಟಲಿಗಳು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳಲ್ಲಿ ಸಾಲಾಗಿ ನಿಂತವು. ಊರಿಗೆ ಹೋದರೆ ಕಟ್ಟೆಯ ಮೇಲೆ ಕುಳಿತವರು "ಜ್ಯೂಸಿನ ಶೈಲಾ ಬಂದ್ಲು" ಅನ್ನುತ್ತಿದ್ದರು. ಮನೆಯಲ್ಲಿ ನನ್ನ ಮದುವೆಯ ಮಾತು ಆಗ ನಡೆದಿತ್ತು. ಸೋದರಮಾವ ಸೊಲ್ಲಾಪುರದ ಕಡೆಯಿಂದ ಒಂದು ಸಂಬಂಧ ತಂದಿದ್ದ. ಪತ್ರಿಕೆಯ ಫೋಟೊ ನೋಡಿದ ಮೇಲೆ ಅಪ್ಪ, "ಹುಡುಗಿ ಧಂದೆ ಮಾಡಾಕತ್ತಾಳ, ಈಗ ಅವಸರ ಬ್ಯಾಡ" ಅಂತ ಅವನ ಬಾಯಿ ಮುಚ್ಚಿಸಿದ. ಅಷ್ಟಕ್ಕೇ ನಿಲ್ಲದೆ, ಬಾಟಲಿ ತುಂಬುವ ಶೆಡ್ಡು ಕಟ್ಟಬೇಕು ಅಂತ ತೋಟದ ಪಕ್ಕದಲ್ಲಿ ಪಾಯಕ್ಕೆ ತಗ್ಗನ್ನೂ ತೆಗೆಸಿದ.

ಬೇಸಿಗೆ ಬಂತು. ರಸ ಕೆಟ್ಟಿತು.

ಮೊದಲು ಬಣ್ಣ ಕಂದಿತು, ಆಮೇಲೆ ಕಹಿಯಾಯಿತು. ಲಿಂಬೆ ರಸದ ಸ್ವಭಾವವೇ ಅದು. ಹಿಂಡಿದ ಗಳಿಗೆಯಿಂದಲೇ ಕಹಿಯ ಕಡೆ ಸಾಗುತ್ತದೆ. ತಂಪಿನಲ್ಲಿಟ್ಟರೆ ನಿಧಾನ, ಬಿಸಿಲಿಗೆ ಬೇಗ. ಅಂಗಡಿಯವರು ರಾತ್ರಿ ಫ್ರಿಜ್ಜು ಆರಿಸಿ ಹೋಗುತ್ತಿದ್ದರು. ಹಗಲು ಕರೆಂಟೇ ಇರುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ನಾನು ಮಾಡದ ಪ್ರಯತ್ನವಿಲ್ಲ. ಕಾಯಿಸಿದರೆ ಬೇಯಿಸಿದ ವಾಸನೆ ಬರುತ್ತಿತ್ತು. ಕಾಯಿಸದಿದ್ದರೆ ವಾರದೊಳಗೆ ಕಹಿ. ಕೆಡದಂತೆ ಏನಾದರೂ ಬೆರೆಸೋಣವೆಂದರೆ, ಏನೂ ಬೆರೆಸಿಲ್ಲ ಅಂತ ಬಾಟಲಿಯ ಮೇಲೆ ನಾವೇ ದೊಡ್ಡದಾಗಿ ಅಚ್ಚು ಹಾಕಿಸಿದ್ದೆವು. ಬೆರೆಸಿದ ರಸ ಮಾರುವ ದೊಡ್ಡ ಕಂಪನಿಗಳಿಗೇನು ಬರಗಾಲವೇ? ನಮ್ಮದನ್ನು ಯಾರು ಕೇಳುತ್ತಾರೆ?

ಭಾಗ್ಯಾಗೆ ಬಿ.ಎಡ್. ಸೀಟು ಸಿಕ್ಕಿತು. "ನಾ ಹೋಗ್ಲೇನು ಶೈಲಾ?" ಅಂತ ನನ್ನ ಮುಖ ನೋಡಿದಳು. ಹೋಗು ಅಂದೆ. ಅವಳು ಶಿಕ್ಷಕಿಯಾಗಲು ಹುಟ್ಟಿದವಳು, ಅದು ಇಬ್ಬರಿಗೂ ಗೊತ್ತಿತ್ತು. ಅವಳು ಹೋದ ಮೇಲೆ ಹಾಸ್ಟೆಲಿನ ಕೋಣೆಯಲ್ಲಿ ನಾನು ಮತ್ತು ಖಾಲಿ ಬಾಟಲಿಗಳ ಚೀಲ ಉಳಿದೆವು. ಬಸವನ ಬಾಗೇವಾಡಿಯ ಅಂಗಡಿಯವರೊಬ್ಬರು ಫೋನ್ ಮಾಡಿ, "ತಂಗಿ, ಬೀಗರು ಬಂದಿದ್ರು, ನಿನ್ನ ಶರಬತ್ತ ಕೊಟ್ಟೆ, ಅಂಗಳದಾಗ ಉಗಳಿದ್ರವಾ" ಅಂದರು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇತ್ತ ವಿಶ್ವವಿದ್ಯಾಲಯದಲ್ಲಿ ದೊಡ್ಡ ಮೇಳದ ತಯಾರಿ ನಡೆದಿತ್ತು. ಕೇಂದ್ರದ ಸಂಯೋಜಕಿ ಮೇಡಂ ಸಿಕ್ಕಾಗಲೆಲ್ಲ "ನೀನೇ ನಮ್ಮ ಹೆಮ್ಮೆ, ಮಳಿಗೆ ಮುಂದಿನ ಸಾಲಿನಲ್ಲಿ ಹಾಕಿಸಿದ್ದೇನೆ" ಅನ್ನುತ್ತಿದ್ದರು. ಅಪ್ಪನ ತಗ್ಗು, ಮಾವನ ಸಂಬಂಧ, ಮೇಡಂ ಮಳಿಗೆ... ಎಲ್ಲವೂ ಆ ಕಹಿ ರಸದ ಮೇಲೆ ನಿಂತಿದ್ದವು. ಬೆಳಗ್ಗೆ ಎಚ್ಚರವಾದರೆ ಕಣ್ಣು ತೆರೆಯುವ ಮನಸ್ಸಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಸ್ಸು ಹತ್ತಿ ಸಿಂದಗಿಗೆ ಹೋದೆ. ಯಾರಿಗೂ ಹೇಳಿರಲಿಲ್ಲ. ಕಾರ್ಖಾನೆಯಲ್ಲಿ ಚಾಚಾ ಅಂಗಿಯ ತೋಳು ಮಡಚಿ ಪೆಟ್ಟಿಗೆಗಳನ್ನು ಗಾಡಿಗೆ ಏರಿಸುತ್ತಿದ್ದರು. ನನ್ನನ್ನು ನೋಡಿ, ಯಾಕೆ ಬಂದೆ ಅಂತ ಕೇಳದೆ, ಕುರ್ಚಿಯ ಮೇಲಿನ ಟಾವೆಲ್ಲು ತೆಗೆದು ಕೂರಿಸಿ, ಯಂತ್ರ ಬಂದ್ ಮಾಡಿಸಿದರು. ಆ ಯಂತ್ರ ನಿಂತಾಗಿನ ಸದ್ದಿಲ್ಲದ ಗಳಿಗೆ ನನಗೆ ಚೆನ್ನಾಗಿ ನೆನಪಿದೆ. ಎಲ್ಲಿಯೋ ನೀರು ತೊಟ್ಟಿಕ್ಕುತ್ತಿತ್ತು.

ನಾನು ಮಾತಾಡಿದೆ. ಹೊಸ ಸೋಸುವ ಯಂತ್ರ ತರಿಸಿದರೆ ಹೇಗೆ, ಬಣ್ಣದ ಗಾಜಿನ ಬಾಟಲಿ ಹಾಕಿದರೆ ಹೇಗೆ, ಅಂಗಡಿಗಳಿಗೆ ನಾವೇ ತಂಪಿನ ಪೆಟ್ಟಿಗೆ ಕೊಟ್ಟರೆ ಹೇಗೆ... ಒಂದೇ ಸಮನೆ ಹೇಳುತ್ತಲೇ ಹೋದೆ. ಅವರು ನಡುವೆ ಒಂದು ಮಾತೂ ಆಡಲಿಲ್ಲ. ನನ್ನ ಮಾತು ತೀರಿದ ಮೇಲೆ ಕೇಳಿದರು:

"ಇದೆಲ್ಲಾ ಆತು ಅಂತ ತಿಳ್ಕೋ. ಆವಾಗ ನಿನಗ ಖುಷಿ ಆಗ್ತೈತೋ, ಬರೇ ಬೈಗಳಾ ತಪ್ಪತಾವೋ?"

"ಬೈಗಳಾ ತಪ್ಪತಾವ್ರಿ ಚಾಚಾ," ಅಂದೆ. ಅಂದದ್ದೇ ಅಳು ಬಂತು. ಅವರು ಎದ್ದು ಹೋಗಿ ಮಡಕೆಯ ನೀರು ತಂದು ಮುಂದಿಟ್ಟರು. ಅಳಬೇಡ ಅನ್ನಲಿಲ್ಲ. ನಾನು ಕುಡಿದು ಮುಗಿಸಿದ ಮೇಲೆ ಅಂದರು:

"ಹಂಗಾದ್ರ ಮುಚ್ಚೋಣ."

ಮುಚ್ಚು ಅಂದಿದ್ದರೆ ನಾನು ಇನ್ನಷ್ಟು ಕುಗ್ಗುತ್ತಿದ್ದೆನೇನೋ. ಅವರು ಮುಚ್ಚೋಣ ಅಂದರು, ಅದು ತಮ್ಮದೂ ಅಂಗಡಿಯೇ ಅನ್ನುವ ಹಾಗೆ. ಎದೆಯ ಮೇಲೆ ಬೇಸಿಗೆಯಿಡೀ ಕುಳಿತಿದ್ದ ಏನೋ ಒಂದು ಆ ಮಾತಿಗೆ ಎದ್ದು ಹೋಯಿತು. ಸೋತ ಹುಡುಗಿಗೆ ಇಷ್ಟು ಹಗುರವಾಗಬಹುದೇ ಅಂತ ನನಗೇ ನಾಚಿಕೆಯೂ ಆಯಿತು. ಅವತ್ತು ಸಿಂದಗಿಯಿಂದ ಮರಳುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದೆ. ಹಾಗೆ ನಿದ್ದೆ ಮಾಡಿ ಬಹಳ ದಿನವಾಗಿತ್ತು. ಕಂಡಕ್ಟರು ಬಂದು ಎಬ್ಬಿಸಬೇಕಾಯಿತು.

ಆದರೆ ಮುಚ್ಚುವುದೂ ಒಂದು ಕೆಲಸ ಅಂತ ಮರುವಾರ ತಿಳಿಯಿತು. ಅಂಗಡಿಗಳಿಂದ ಬಾಟಲಿ ವಾಪಸು ತರಬೇಕಲ್ಲ. ನಾನು ಫೋನಿನಲ್ಲಿ ಹೇಳಿಬಿಡೋಣ ಅಂದುಕೊಂಡಿದ್ದೆ. ಚಾಚಾ ಒಪ್ಪಲಿಲ್ಲ.

"ಕೊಡಾಕ ಹೋದಾಗ ನಕ್ಕೊಂತ ಹೋಗಿದ್ದಿ. ತರಾಕ ಹೋದಾಗೂ ಮಾರಿ ತೋರಸ್ಬೇಕವಾ. ನಾ ಗಾಡಿ ತರ್ತೇನಿ."

ಮೊದಲ ಅಂಗಡಿ ಸಿಂದಗಿಯಲ್ಲೇ. ಚಾಚಾ ಓಮ್ನಿಗೆ ಒರಗಿ ನಿಂತರು, ಒಳಗೆ ಬರಲಿಲ್ಲ. ನಾನೊಬ್ಬಳೇ ಮೆಟ್ಟಿಲು ಹತ್ತಿದೆ. "ರಸ ಬ್ಯಾಸಿಗ್ಯಾಗ ನಿಲ್ಲವಲ್ದ್ರಿ ಕಾಕಾ, ಬಂದ್ ಮಾಡಾಕತ್ತೇನಿ, ಉಳಿದ ಬಾಟ್ಲಿ ಕೊಡ್ರಿ," ಅಂದೆ. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, "ಅಷ್ಟ ಹೌದಿಲ್ಲೋ? ತಗೋ," ಅಂದು ಕಪಾಟು ತೆರೆದರು. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಹೊರಗೆ ಬಂದಾಗ ಚಾಚಾ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿ ನಕ್ಕದ್ದು ನನಗೆ ಕಂಡಿತು. ಇಂಡಿಯಲ್ಲಿ ಒಬ್ಬ ಮಾತ್ರ ಜೋರು ಮಾಡಿದ. ಹೆಣ್ಣುಮಕ್ಕಳಿಗೆ ಯಾಕೆ ಬೇಕಿತ್ತು ಈ ಉಸಾಬರಿ ಅಂದ. ಕೇಳಿಸಿಕೊಂಡೆ, ಬಾಟಲಿ ಎಣಿಸಿಕೊಂಡು ಬಂದೆ. ಅದೂ ಮುಗಿಯಿತು.

ಮುದ್ದೇಬಿಹಾಳದ ಬಸ್ ನಿಲ್ದಾಣದ ಹತ್ತಿರ ಶರಬತ್ತಿನ ಗಾಡಿ ಇಟ್ಟಿದ್ದ ಅಕ್ಕ ಒಬ್ಬರಿದ್ದರು. ನಮ್ಮ ಬಾಟಲಿಯ ರಸಕ್ಕೆ ನೀರು ಬೆರೆಸಿ ಮಾರುತ್ತಿದ್ದವರು. ನಾನು ಹೇಳಿದ್ದನ್ನು ಕೇಳಿ, ಕೈಯಲ್ಲಿದ್ದ ಲಿಂಬೆಯನ್ನು ಕತ್ತರಿಸಿ ನನ್ನ ಮುಂದೆ ಹಿಡಿದರು. ಒಳಗೆ ರಸವೇ ಇರಲಿಲ್ಲ, ಬರೀ ನಾರು.

"ನೋಡವಾ, ಬಜಾರದಾಗ ಇಂಥಾವ ಕೊಡ್ತಾರ. ಮ್ಯಾಲ ನಾಕು ಚೊಲೋ, ತಳಕ ಎಲ್ಲಾ ಒಣಗಿದ್ದು. ನಿನ್ನ ರಸಾ ಯಾಕ ತಗೋತಿದ್ದೆ ಅಂದಿ? ಎಲ್ಲಾ ಬಾಟಲಿ ಒಂದ ನಮೂನಿ ಇರ್ತಿದ್ವು ಅಂತ. ರಸಾ ಹೋಗ್ಲಿ ಬಿಡು. ನಿಮ್ಮ ತ್ವಾಟದ ಹಣ್ಣರ ಆರಿಸಿ ಕೊಡ್ತಿಯೇನು?"

ನಾನು ಹೂಂ ಅಂದೆನೋ ಊಹೂಂ ಅಂದೆನೋ ನೆನಪಿಲ್ಲ. ಸಂಜೆ ಬಸವನ ಬಾಗೇವಾಡಿಯಲ್ಲಿ, ಬೀಗರು ಉಗುಳಿದ ಅಂಗಡಿಗೆ ಹೋದೆ. ಅಂಗಡಿಯ ಪಕ್ಕದಲ್ಲಿಯೇ ಒಂದು ಖಾನಾವಳಿ. ಅದರ ಯಜಮಾನರೂ ನಿಂತು ಕೇಳಿಸಿಕೊಂಡು, "ಲಿಂಬಿ ತ್ವಾಟ ಅದಾವೇನವಾ ನಿಮ್ಮವು? ನಮಗ ದಿನಾ ಬೇಕಲ್ಲ, ಒಂದೇ ಗಾತ್ರದ್ದು" ಅಂದರು. ಒಂದೇ ದಿನ, ಎರಡು ಊರು, ಅದೇ ಮಾತು.

ಮರಳುವ ದಾರಿಯಲ್ಲಿ ಚಾಚಾ ಬಹಳ ದೂರ ಗಾಡಿ ನಡೆಸಿದರು. ಎರಡೂ ಕಡೆ ಕಡಲೆ ಕಿತ್ತ ಹೊಲಗಳು, ಬಿರುಕು ಬಿಟ್ಟ ಕರಿ ನೆಲ. ಆಮೇಲೆ ಕೇಳಿದರು, "ಏನ ಕೇಳಿದಿ ಇವತ್ತ?"

ಹೇಳಿದೆ. ಅಕ್ಕ ಹೇಳಿದ್ದು, ಖಾನಾವಳಿಯವರು ಹೇಳಿದ್ದು. ಹೇಳುತ್ತ ಹೇಳುತ್ತ ನನ್ನ ದನಿ ತಾನಾಗಿಯೇ ಏರಿತು. "ಹಂಗಂದ್ರ ಚಾಚಾ, ನಾ ಹಣ್ಣ ಆರಿಸಿ ಕೊಟ್ರ ಹೆಂಗ್ರೀ?"

"ನನಗ್ಯಾಕ ಕೇಳ್ತಿ? ನಾ ಗಾಡಿ ಹಂತ್ಯಾಕ ನಿಂತಿದ್ದೆ. ಕೇಳಿದಾಕಿ ನೀನು."

ಅವರು ಒಳಗೆ ಯಾಕೆ ಬರುತ್ತಿರಲಿಲ್ಲ ಅನ್ನುವುದು ನನಗೆ ಹೊಳೆದದ್ದು ಆಗ.

ಇನ್ನು ಅಪ್ಪ ಉಳಿದಿದ್ದ. ಅಪ್ಪನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಚಾಚಾ ಅಗರಖೇಡಕ್ಕೆ ಬರುತ್ತೇನೆ ಅಂದರು. ಬಂದರು. ಅವ್ವ ಚುರುಮುರಿ ಕಲಸಿ ತಂದಳು, ಚಹಾ ತಂದಳು. ಅಪ್ಪ ಅವರನ್ನು ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂರಿಸಿ, ಮೊದಲು ತಗ್ಗು ತೋರಿಸಲು ಕರೆದುಕೊಂಡು ಹೋದ. ಶೆಡ್ಡಿನ ಬಾಗಿಲು ಯಾವ ಕಡೆ, ಕಿಟಕಿ ಯಾವ ಕಡೆ ಅಂತ ಕೈ ಮಾಡಿ ತೋರಿಸಿದ. ಚಾಚಾ ಎಲ್ಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಹೇಳು ಅನ್ನುವ ಹಾಗೆ ತಲೆಯಾಡಿಸಿದರು. ಅಲ್ಲಿಯೂ ತಾವು ಹೇಳಲಿಲ್ಲ.

ನಾನು ನೆಲ ನೋಡುತ್ತ ಹೇಳಿದೆ. ಅಪ್ಪ ಬೀಡಿ ತೆಗೆದ, ಮತ್ತೆ ಜೇಬಿಗೆ ಹಾಕಿದ. ಆಮೇಲೆ ಅಂದ:

"ಕಹಿ ಆಗೇತಿ ಅಂತ ನನಗೂ ಗೊತ್ತಿತ್ತವಾ. ಹೋದ ತಿಂಗಳ ಒಂದ ಬಾಟಲಿ ಕುಡದಿದ್ದೆ. ನಿನ್ನ ಮುಂದ ಹೆಂಗ ಹೇಳ್ಲಿ, ಮನಸ್ಸ ಮುರಿತೈತಿ ಅಂತ ಸುಮ್ನ ತಗ್ಗ ತೋಡಾಕತ್ತಿದ್ದೆ."

ಚಾಚಾ ಮೊದಲು ನಕ್ಕರು. ಆಮೇಲೆ ಅಪ್ಪ. ಬಾಗಿಲಲ್ಲಿ ನಿಂತ ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಒಂದು ಬೇಸಿಗೆಯಿಡೀ ನಾನು ಅಪ್ಪನಿಗೆ ಹೆದರಿ, ಅಪ್ಪ ನನಗೆ ಹೆದರಿ, ಇಬ್ಬರೂ ಆ ತಗ್ಗನ್ನು ದೊಡ್ಡದು ಮಾಡುತ್ತ ಹೋಗಿದ್ದೆವು. ಹಾಗಾದರೆ ಇದನ್ನೇನು ಮಾಡುವುದು ಅಂತ ಅಪ್ಪ ಕೇಳಿದ್ದಕ್ಕೆ ಚಾಚಾ, "ತಗ್ಗ ಹೆಂಗೂ ಆಗೇತಿ, ಗಿಡಾ ಹಚ್ರಿ ಗೌಡ್ರ," ಅಂದರು. ಆ ಮಳೆಗಾಲ ಅಪ್ಪ ಅಲ್ಲಿ ಹಾಗೆಯೇ ಸಾಲಾಗಿ ಲಿಂಬೆ ಸಸಿ ಹಚ್ಚಿದ.

ಮುಚ್ಚಿದ ಸುದ್ದಿ ಕೇಳಿ ಮೇಡಂಗೆ ಮಾತ್ರ ಇರಿಸುಮುರಿಸಾಯಿತು. ಮುಂದಿನ ಸಾಲಿನ ಮಳಿಗೆ ಖಾಲಿ ಬಿಡುವುದು ಹೇಗೆ? ಚಾಚಾ ವಿನಯದಿಂದ, "ಆಕಿ ಬರ್ತಾಳ್ರಿ ಮೇಡಂ. ಯಾಕ ಮುಚ್ಚಿದೆ ಅನ್ನೂದ ಹೇಳ್ತಾಳ. ಹುಡುಗರಿಗಿ ಅದೂ ಬೇಕ್ರಿ," ಅಂದರು. ಮೇಡಂ ಒಳ್ಳೆಯವರು, ಸ್ವಲ್ಪ ಯೋಚಿಸಿ ಒಪ್ಪಿದರು. ಮೇಳದ ದಿನ ಖಾಲಿ ಮೇಜಿನ ಹಿಂದೆ ನಿಂತು ನಾನು ಮಾತಾಡಿದೆ. ಗೆದ್ದವರ ಮಳಿಗೆಗಳಿಗಿಂತ ನನ್ನ ಮೇಜಿನ ಮುಂದೆ ಹೆಚ್ಚು ಜನ ನಿಂತದ್ದು ನನ್ನ ಮಾತಿನ ಚಂದಕ್ಕಲ್ಲ. ಬಹಳ ಮಂದಿಗೆ ಒಳಗೊಳಗೇ ಅದೇ ಭಯವಿತ್ತು. ಒಬ್ಬ ಹುಡುಗ ಬಂದು, ನಾನೂ ಬಿಟ್ಟುಬಿಡಲೇ ಅಂತ ಕೇಳಿದ. ಸಹಾಯಕ್ಕೆ ತಿರುಗಿ ನೋಡಿದರೆ ಚಾಚಾ ದೂರದಲ್ಲಿ ಯಾರಿಗೋ ಸೋಡಾ ಯಂತ್ರದ ಕಥೆ ಹೇಳುತ್ತಿದ್ದರು.

ಆಮೇಲಿನದು ಉದ್ದ ಕಥೆಯೇನಲ್ಲ. ಹಣ್ಣು ಆರಿಸಿ, ಗಾತ್ರಕ್ಕೆ ತಕ್ಕಂತೆ ಬೇರೆ ಮಾಡಿ, ಒದ್ದೆ ಗೋಣಿ ಹೊದಿಸಿ, ನೆರಳಿನಲ್ಲಿಟ್ಟು, ನಸುಕಿನಲ್ಲಿ ಸಾಗಿಸುವುದು. ಬಾಟಲಿಯಲ್ಲಿ ಕೈಕೊಟ್ಟ ನನ್ನ ಓದು ಗೋಣಿಯ ಕೆಳಗೆ ಕೈ ಹಿಡಿಯಿತು. ಹಣ್ಣು ಬಾಡದ ಹಾಗೆ ನೋಡಿಕೊಳ್ಳುವುದು ನನಗೆ ಗೊತ್ತಿತ್ತು. ಮೊದಲ ಚೀಲ ಮುದ್ದೇಬಿಹಾಳದ ಅಕ್ಕನಿಗೆ ಮುಟ್ಟಿಸಿ, ಅಲ್ಲಿಂದಲೇ ಚಾಚಾಗೆ ಫೋನ್ ಮಾಡಿದೆ. "ಹೌದಾ? ಚೊಲೋ ಆತು, ಚೊಲೋ ಆತು," ಅಂದು ಇಟ್ಟುಬಿಟ್ಟರು. ಇಷ್ಟೇನಾ ಅಂತ ನನಗೆ ಸ್ವಲ್ಪ ಬೇಸರವೂ ಆಗಿತ್ತು. ಈಗ ನಮ್ಮೂರಿನ ಸುತ್ತಲಿನ ಹಲವರ ತೋಟದ ಹಣ್ಣು ನನ್ನ ಗಾಡಿಯಲ್ಲಿ ನಾಲ್ಕೂ ತಾಲ್ಲೂಕಿಗೆ ಹೋಗುತ್ತದೆ. ಮಾವ ತಂದ ಸಂಬಂಧ ತಾನಾಗಿಯೇ ತಪ್ಪಿತು. ಮದುವೆ ನಾನು ಬಯಸಿದಾಗ, ನಾನು ಒಪ್ಪಿದವರ ಜೊತೆ ಆಯಿತು. ಮದುವೆಗೆ ಚಾಚಾ ಮನೆ ಮಂದಿಯೆಲ್ಲ ಸೇರಿ ಬಂದು, ಬಂದವರಿಗೆಲ್ಲ ತಾವೇ ನಿಂತು ಸೋಡಾ ಒಡೆದು ಕೊಟ್ಟರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಬೆಳಗಿನ ನಮಾಜು ಮುಗಿಸಿ ಬಂದು ಕುಳಿತವರು ಹಾಗೆಯೇ... ಸುದ್ದಿ ಬಂದಾಗ ನಾನು ಇಂಡಿಯಲ್ಲಿ ಹಣ್ಣು ತುಂಬಿಸುತ್ತಿದ್ದೆ. ಸಿಂದಗಿ ಮುಟ್ಟುವಷ್ಟರಲ್ಲಿ ಅವರನ್ನು ಮಣ್ಣಿಗೆ ಒಯ್ದಾಗಿತ್ತು. ಬಾಗಿಲ ಮುಂದೆ ಹೆಂಗಸರ ಚಪ್ಪಲಿಗಳಷ್ಟೇ ಇದ್ದವು, ಗಂಡಸರು ಯಾರೂ ಇರಲಿಲ್ಲ. ಹೆಂಗಸರ ನಡುವೆ ಚಾಚಾ ಅವರ ಹೆಂಡತಿ ಚಾಚಿಯ ಕೈ ಹಿಡಿದು ಕುಳಿತೆ.

ನಿನ್ನೆ ಮುದ್ದೇಬಿಹಾಳದಲ್ಲಿ ಹಾಗೆ ನಿಂತುಬಿಟ್ಟೆನಲ್ಲ, ಅದಕ್ಕೇ ಇವತ್ತು ಬೆಳಗ್ಗೆ ಗಾಡಿ ಖಾಲಿಯಾದ ಮೇಲೆ ನೇರ ಚಾಚಿಯ ಮನೆಗೆ ಹೋದೆ. ಹೋಗಲು ಇನ್ನೊಂದು ಕಾರಣವೂ ಇತ್ತು. ಈ ವರ್ಷ ವಿಶ್ವವಿದ್ಯಾಲಯದವರು ನನ್ನನ್ನೇ ಮಾರ್ಗದರ್ಶಕಿ ಅಂತ ಕರೆದು ಕೂರಿಸಿದ್ದಾರೆ. ನನ್ನ ಪಾಲಿಗೆ ಬಂದವಳು ಸಿಂದಗಿ ಹತ್ತಿರದ ಯಂಕಂಚಿಯ ಹುಡುಗಿ, ಸಜ್ಜೆಯಿಂದ ಮಕ್ಕಳ ತಿನಿಸು ಮಾಡುತ್ತಾಳೆ. ವಿಜಯಪುರದಲ್ಲಿ ಅಂಗಡಿ ತೆರೆಯುತ್ತೇನೆ ಅಂದಳು. ಈಗಲೇ ಬೇಡ, ಇನ್ನೊಂದು ಸುಗ್ಗಿ ತಡಿ ಅಂದೆ. ಅವಳು ತಲೆಯಾಡಿಸಿ ಎದ್ದು ಹೋದಳು. ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. ಆ ಹುಡುಗಿಯ ಕಾಲಿಗೆ ನಾನು ಹಗ್ಗ ಕಟ್ಟಿದೆನೇ? ಚಾಚಾ ಇದ್ದಿದ್ದರೆ ಕೇಳುತ್ತಿದ್ದೆ. ನಿಮಗೆ ಅಷ್ಟು ಗಟ್ಟಿಯಾಗಿ ಹೇಗೆ ತಿಳಿಯುತ್ತಿತ್ತು ಅಂತ ಕೇಳುತ್ತಿದ್ದೆ.

ಚಾಚಿಗೆ ಇದನ್ನೆಲ್ಲ ಹೇಳಿದೆ. ಅವರು ಅಕ್ಕಿ ಆರಿಸುತ್ತ ಕುಳಿತಿದ್ದರು. ಕೈ ನಿಲ್ಲಿಸಿ ನನ್ನ ಮುಖ ನೋಡಿದರು.

"ಅವರಿಗೆಲ್ಲಿ ತಿಳಿದಿತ್ತವಾ? ಆವತ್ತ ನಿನ್ನ ಬಸ್ಸಿಗಿ ಹತ್ತಿಸಿ ಮನಿಗಿ ಬಂದ್ರು. ಊಟಕ್ಕ ಗಂಗಾಳದ ಮುಂದ ಕುಂತ್ರು, ಕೈ ಹಚ್ಚಲಿಲ್ಲ. ಏನಾತ್ರಿ ಅಂದೆ. 'ಒಂದ ಹುಡುಗಿಗಿ ಧಂದೆ ಮುಚ್ಚೋಣ ಅಂದ ಬಂದೇನಿ. ಖರೇನ ಹೇಳಿದ್ನೋ, ನನ್ನ ಹೆದರಿಕಿ ಆಕಿಗಿ ಅಂಟಿಸಿ ಬಂದ್ನೋ, ತಿಳಿವಲ್ದು' ಅಂದ್ರು. ಭಾಳ ದಿನಾ ಹಂಗ ಇದ್ರು ನೋಡು. ಆಮ್ಯಾಲ ಒಂದಿನಾ ನಿನ್ನ ಫೋನ ಬಂತಂತ. ಕಾರ್ಖಾನಿ ಬಿಟ್ಟು ನಡು ಮಧ್ಯಾಹ್ನ ಮನಿಗಿ ಬಂದ್ರು. ಬಾಗಲ್ದಾಗ ನಿಂತು, 'ಹುಡುಗಿ ದಾರಿ ಹಿಡದ್ಲು' ಅಂದ್ರು. ಅಂದು, ಹಂಗ ಒಳಗ ಹೋಗಿ ಮಕ್ಕೊಂಡ ಬಿಟ್ರು. ಸಂಜಿ ತನಕ ಎದ್ದಿಲ್ಲ."

ಫೋನಿನಲ್ಲಿ ಎರಡೇ ಮಾತಾಡಿ ಇಟ್ಟ ಆ ಮನುಷ್ಯ, ಅಷ್ಟು ದಿನ ನನ್ನ ಪಾಲಿನ ನಿದ್ದೆಯನ್ನೂ ಕೆಡಿಸಿಕೊಂಡಿದ್ದರು. ನನಗದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಗೊತ್ತಾಗುವ ಹೊತ್ತಿಗೆ ಹೇಳಲು ಅವರಿಲ್ಲ. ಚಾಚಿಯ ಪಕ್ಕದಲ್ಲಿ ಕುಳಿತು ಸ್ವಲ್ಪ ಹೊತ್ತು ಅಕ್ಕಿ ಆರಿಸಿದೆ. ಇಬ್ಬರ ಕಣ್ಣಲ್ಲೂ ನೀರಿತ್ತು, ಕಲ್ಲು ಕಾಣುತ್ತಿರಲಿಲ್ಲ.

ಹೊರಗೆ ಬಂದಾಗ ಬಿಸಿಲು ಏರಿತ್ತು. ಎದೆ ಮಾತ್ರ ವಿಚಿತ್ರವಾಗಿ ಹಗುರವಾಗಿತ್ತು. ಅವರಿಗೂ ತಿಳಿದಿರಲಿಲ್ಲ. ತಿಳಿಯದೆಯೂ ಜೊತೆಗೆ ಬಂದಿದ್ದರು, ಊರೂರಿಗೂ ಗಾಡಿ ತಂದಿದ್ದರು. ಆ ಹುಡುಗಿಗೆ ನಾನು ಹೇಳಿದ್ದು ಸರಿಯೋ ತಪ್ಪೋ ಅಂತ ಹೇಳುವವರು ಇನ್ನು ಯಾರೂ ಇಲ್ಲ. ಅವಳ ಒಲೆಯ ಮುಂದೆ ಹೋಗಿ ಕೂರುವುದಂತೂ ನನ್ನ ಕೈಯಲ್ಲಿದೆ.

ಗಾಡಿಯನ್ನು ಯಂಕಂಚಿಯ ಕಡೆಗೆ ತಿರುಗಿಸಿದೆ.